ರಟ್ಟು ಮುಚ್ಚಿದ ಅರ್ಧ

'ಬಿಸ್ಕತ್ತು ಮೇಡಂ' ಅನ್ನುವ ಹೆಸರನ್ನು ಅವರ ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಬೆನ್ನ ಹಿಂದೆ ಹೇಳದವರೂ ಇರಲಿಲ್ಲ. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ಮೂವತ್ತು ವರ್ಷ ಪಾಠ ಮಾಡಿ, ಎರಡು ದಪ್ಪ ಪುಸ್ತಕ ಬರೆದು, ದೊಡ್ಡ ದೊಡ್ಡ ವಿದ್ವಾಂಸರ ಜೊತೆ ಸರಿಸಮ ಕೂತು ವಾದ ಮಾಡಿದ ಹೆಂಗಸಿಗೆ ಕೊನೆಗೆ ಉಳಿದದ್ದು ಬೇಕರಿಯ ಹೆಸರು. ಮೇಡಂಗೂ ಅದು ಗೊತ್ತಿತ್ತು. ಕೋಪ ಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ಆ ಬಿಸ್ಕತ್ತಿನಿಂದಲೇ ತಾನೇ ಅವರು ಮೇಲೆ ಬಂದದ್ದು.

ವಿಷಯ ಇಷ್ಟೇ. ಮನುಷ್ಯನಿಗೆ ನ್ಯಾಯ ಅನ್ಯಾಯದ ಬುದ್ಧಿ ಎಲ್ಲಿಂದ ಬಂತು, ಹೆತ್ತವರು ಕಲಿಸಿದ್ದೋ ಇಲ್ಲ ಹುಟ್ಟುವಾಗಲೇ ಹೊತ್ತು ತಂದದ್ದೋ ಅನ್ನುವುದು ಮೇಡಂ ತಲೆ ಹೊಕ್ಕಿದ್ದ ಹುಳ. ಇಪ್ಪತ್ತೆಂಟು ವರ್ಷದ ಹಿಂದೆ ಒಂದು ಶಿಶುವಿಹಾರದ ಹಿಂದಿನ ಕೋಣೆಯಲ್ಲಿ ಅವರು ಪುಟ್ಟದೊಂದು ಮೇಜು ಹಾಕಿಸಿದರು. ಮೂರು ಕುರ್ಚಿ. ಒಂದರಲ್ಲಿ ಮೂರು ವರ್ಷದ ಮಗು, ಎದುರಿಗೆ ಒಬ್ಬರು ದೊಡ್ಡವರು, ನಡುವಿನದರಲ್ಲಿ ಬಟ್ಟೆಯ ಮೊಲ. ಸ್ವಲ್ಪ ಹೊತ್ತು ಮೂವರೂ ಆಟ ಆಡಿದ ಮೇಲೆ ಮೊಲವನ್ನು ಎತ್ತಿ ಬಾಗಿಲ ಹೊರಗೆ ಬಿಡುತ್ತಿದ್ದರು. "ಮೊಲ ನೀರು ತರೋಕೆ ಹೋಗಿದೆ, ಆಮೇಲೆ ಬರುತ್ತೆ." ಮಾತು ಇದೊಂದೇ. ಅದಾದ ಮೇಲೆ ಮಗುವಿನ ಮುಂದೆ ಆರು ಬಿಸ್ಕತ್ತು, ಮೂರು ತಟ್ಟೆ. "ಹಂಚು." ಅಷ್ಟೇ. ಮತ್ತೆ ಮೊಲದ ಸುದ್ದಿ ಎತ್ತುವಂತಿಲ್ಲ, ಸೂಚನೆ ಕೊಡುವಂತಿಲ್ಲ. ಇಲ್ಲದ ಮೊಲದ ತಟ್ಟೆಗೆ ಮಗು ತಾನಾಗಿ ಬಿಸ್ಕತ್ತು ಹಾಕುತ್ತದೋ ಇಲ್ಲವೋ, ನೋಡಬೇಕಾದ್ದು ಅದನ್ನು.

ಅರವತ್ತನಾಲ್ಕು ಮಕ್ಕಳಲ್ಲಿ ನಲವತ್ತೇಳು ಮಕ್ಕಳು ಹಾಕಿದವು. ಬಾಯಲ್ಲಿ ನೀರೂರುತ್ತಿದ್ದರೂ, ಕೈಯಲ್ಲಿ ಬಿಸ್ಕತ್ತು ಹಿಡಿದು ಒಂದು ಕ್ಷಣ ಯೋಚಿಸಿ, ಖಾಲಿ ಕುರ್ಚಿಯ ಮುಂದಿನ ತಟ್ಟೆಗೆ ಇಟ್ಟವು. ಉಳಿದ ಹದಿನೇಳರ ಸುದ್ದಿ ಬೇಡ. ಅದರಲ್ಲೊಬ್ಬ ಮಹಾಶಯ ಆರನ್ನೂ ತಿಂದು ತಟ್ಟೆಯನ್ನೂ ನೆಕ್ಕಿದ.

ಮೇಡಂ ಇದರ ಮೇಲೆ ದೊಡ್ಡ ಕಟ್ಟಡವನ್ನೇ ಕಟ್ಟಿದರು. ಲಕ್ಷಾಂತರ ವರ್ಷ ಮನುಷ್ಯ ಗುಂಪಿನಲ್ಲಿ ಬದುಕಿದ ಪ್ರಾಣಿ. ಬೇಟೆಗೆ ಹೋದವರು, ಗೆಡ್ಡೆ ಅಗೆಯಲು ಹೋದವರು, ನೀರಿಗೆ ಹೋದವರು ಎಲ್ಲರೂ ಒಂದೇ ಹೊತ್ತಿಗೆ ವಾಪಸು ಬರುವುದಿಲ್ಲ. ಬಾರದವರ ಪಾಲನ್ನು ತೆಗೆದಿಟ್ಟ ಗುಂಪು ಒಗ್ಗಟ್ಟಾಗಿ ಉಳಿಯಿತು, ಇದ್ದವರೇ ನುಂಗಿದ ಗುಂಪು ಕಚ್ಚಾಡಿ ಚದುರಿತು. ಹಾಗಾಗಿ ಎದುರಿಗಿಲ್ಲದವರನ್ನು ನೆನೆಯುವ ಈ ಬುದ್ಧಿ ಮಗು ಕಲಿತದ್ದಲ್ಲ, ತನ್ನೊಡನೆ ತಂದದ್ದು. ಈ ಒಂದು ಮಾತಿಗೆ ಮೇಡಂ ಹೆಸರು ಎಲ್ಲೆಲ್ಲಿಗೋ ಹೋಯಿತು. ಪಠ್ಯಪುಸ್ತಕಗಳಲ್ಲಿ ಆ ಮೇಜಿನ ಚಿತ್ರ ಬಂತು.

ಮಗುವಿನ ಎದುರಿಗೆ ಕೂರುತ್ತಿದ್ದವರು ಮೇಡಂ ಅವರ ಸ್ವಂತ ಅಕ್ಕ. ಮೊದಲು ವಿದ್ಯಾರ್ಥಿಗಳನ್ನೇ ಕೂರಿಸಿ ನೋಡಿದ್ದರು. ಒಬ್ಬನ ಗಡ್ಡ ಕಂಡು ಮಕ್ಕಳು ಕಿಟಾರನೆ ಕಿರುಚಿದವು. ಇನ್ನೊಬ್ಬಳು ಒಂದು ಮಗುವಿಗೆ ಹೇಳಿದ ಹಾಗೆ ಇನ್ನೊಂದಕ್ಕೆ ಹೇಳುತ್ತಿರಲಿಲ್ಲ, ದಿನಕ್ಕೊಂದು ರಾಗ. ಅದೇ ಹೊತ್ತಿಗೆ ಅಕ್ಕ ಕೆಲಸ ಮಾಡುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೊಸ ಯಂತ್ರ ಬಂದು, ಆಪರೇಟರುಗಳನ್ನೆಲ್ಲ ಮನೆಗೆ ಕಳಿಸಿದ್ದರು. ಹದಿನೇಳು ವರ್ಷ "ದಯವಿಟ್ಟು ಲೈನಿನಲ್ಲಿರಿ" ಅಂತ ದಿನಕ್ಕೆ ಐನೂರು ಸಲ, ಐನೂರು ಸಲವೂ ಒಂದೇ ದನಿಯಲ್ಲಿ ಹೇಳಿದ ಬಾಯಿ ಅದು. "ಎರಡು ದಿನದ ಮಟ್ಟಿಗೆ ಬಾ ಅಕ್ಕ" ಅಂತ ಮೇಡಂ ಕರೆದರು. ಅಕ್ಕ ಒಂಬತ್ತು ವರ್ಷ ಬಂದರು. ಮೊದಲ ಅರವತ್ತನಾಲ್ಕು ಮಕ್ಕಳಾದ ಮೇಲೆ ಇನ್ನೂ ಏಳೆಂಟು ನೂರು ಮಕ್ಕಳು ಆ ಮೇಜಿಗೆ ಬಂದು ಹೋದವು, ಎಲ್ಲಕ್ಕೂ ಅಕ್ಕನೇ. ಮೇಡಂ ಒಮ್ಮೆ ಪ್ರಯೋಗದ ವಿಡಿಯೊ ಟೇಪುಗಳಿಂದ ಆ ಒಂದು ವಾಕ್ಯವನ್ನು ಮಾತ್ರ ತೆಗೆದು ಗಡಿಯಾರ ಹಿಡಿದು ಅಳೆದಿದ್ದರು. ಅರವತ್ತನಾಲ್ಕು ಸಲದಲ್ಲಿ ಒಂದು ಸಲವೂ ಏರುಪೇರು ಇರಲಿಲ್ಲ. ಆ ಅಂಕಿಯನ್ನು ಅವರು ಲೇಖನದಲ್ಲೂ ಹೆಮ್ಮೆಯಿಂದ ಹಾಕಿದ್ದರು.

ಭಾವ ತೀರಿಕೊಂಡ ಮೇಲೆ ಅಕ್ಕ ತಂಗಿಯ ಮನೆಗೇ ಬಂದುಬಿಟ್ಟಿದ್ದರು. ಮದುವೆ ಗೊಡವೆಗೆ ಹೋಗದ ತಂಗಿ, ಮಕ್ಕಳಿಲ್ಲದ ಅಕ್ಕ. ಮೂರನೆಯ ಮಹಡಿಯ ಮನೆ, ಎರಡು ಕೋಣೆ, ತುಂಬ ಪುಸ್ತಕ. ಮೆಟ್ಟಿಲ ಮೇಲೆ ಕೈಮಗು ಎತ್ತಿಕೊಂಡ ತಾಯಿ ಯಾರಾದರೂ ಸಿಕ್ಕರೆ ಸಾಕು, ಅಕ್ಕ ನಿಲ್ಲಿಸಿಕೊಂಡು ಶುರು ಮಾಡುತ್ತಿದ್ದರು: "ಮೂರು ವರ್ಷ ಆಗ್ಲಿ, ಆಮೇಲೆ ನೋಡಿ. ಇವಕ್ಕೆ ಎಲ್ಲ ಗೊತ್ತಿರುತ್ತೆ. ನಮ್ಮ ಪ್ರಯೋಗದಲ್ಲಿ ಸಾಬೀತಾಗಿದೆ." ಜೊತೆಯಲ್ಲಿ ಮೇಡಂ ಇದ್ದರೆ ಕೈಚೀಲ ಹಿಡಿದು ಸುಮ್ಮನೆ ಮೇಲೆ ಹತ್ತುತ್ತಿದ್ದರು.

ಹೀಗೆ ಎಲ್ಲ ನೆಮ್ಮದಿಯಾಗಿ ನಡೆದಿದ್ದಾಗ, ಮೇಡಂ ನಿವೃತ್ತಿಗೆ ನಾಲ್ಕು ತಿಂಗಳು ಇದ್ದಾಗ, ಯಾಕಮ್ಮನ ಫೋನು ಬಂತು.

ಯಾಕಮ್ಮ ಅವರ ಹಳೆಯ ವಿದ್ಯಾರ್ಥಿನಿ. ಏನು ಹೇಳಿದರೂ "ಯಾಕೆ ಮೇಡಂ?" ಅನ್ನುತ್ತಿದ್ದುದರಿಂದ ಮೇಡಂ ತಾವೇ ಇಟ್ಟ ಹೆಸರು. ಈಗ ಅವಳದೇ ಸ್ವಂತ ಪ್ರಯೋಗಶಾಲೆ ಇತ್ತು, ಅವಳನ್ನೂ ಯಾಕೆ ಅಂತ ಕೇಳುವ ವಿದ್ಯಾರ್ಥಿಗಳಿದ್ದರು. ಎಷ್ಟು ದೊಡ್ಡವಳಾದರೂ ಮೇಡಂ ಜೊತೆ ಮಾತಾಡುವಾಗ ಅವಳು ಎದ್ದು ನಿಂತೇ ಮಾತಾಡುತ್ತಾಳೆ ಅಂತ ಮೇಡಂಗೆ ಅನುಮಾನವಿತ್ತು.

"ಮೇಡಂ, ಬರಲಿಲ್ಲ" ಅಂದಳು.

"ಏನು ಬರಲಿಲ್ಲ? ಸಂಬಳನಾ?"

"ಬಿಸ್ಕತ್ತು ಮೇಡಂ... ಅಂದ್ರೆ, ಬಿಸ್ಕತ್ತು ಪ್ರಯೋಗ, ಮೇಡಂ." ಅವಳು ಗಂಟಲು ಸರಿಮಾಡಿಕೊಂಡಳು. "ಆರು ಕಡೆ ಮಾಡಿದ್ವಿ. ಐನೂರು ಮಕ್ಕಳು. ಮೊಲಕ್ಕೆ ಪಾಲು ಇಟ್ಟಿದ್ದು ಐವತ್ತೂ ದಾಟಲಿಲ್ಲ."

ಮೇಡಂ ಕೂತಲ್ಲೇ ಕೂತರು. "ನೀವು ಏನೋ ಬದಲಾಯಿಸಿರಬೇಕು."

"ಒಂದೇ ಒಂದು. ನಮ್ಮಲ್ಲಿ ದೊಡ್ಡವರು ತಟ್ಟೆ ಇಟ್ಟು, ಬೆನ್ನು ತಿರುಗಿಸಿ ಕೂತ್ಕೊಳ್ತಾರೆ. ನಿಮ್ಮಲ್ಲಿ ಎದುರಿಗೆ ಕೂತಿದ್ರಲ್ಲ, ಅವರು ಏನು ಮಾಡ್ತಿದ್ರು ಮೇಡಂ?"

"ಏನೂ ಮಾಡ್ತಿರಲಿಲ್ಲ. ಕೂತಿದ್ರು."

"ಹಳೇ ಟೇಪುಗಳು ಇದಾವಾ?"

ಈ ಪ್ರಶ್ನೆಗೆ ಮೇಡಂ ಸ್ವಲ್ಪ ತಡಮಾಡಿ ಉತ್ತರ ಕೊಟ್ಟರು. "ನೋಡ್ಬೇಕು. ಹಾಳಾಗಿರಬಹುದು."

ತಮ್ಮ ಫಲಿತಾಂಶ ಮುಂದಿನ ತಿಂಗಳು ಅಚ್ಚಾಗುತ್ತದೆ, ಪಕ್ಕದಲ್ಲೇ ಮೇಡಂ ಅವರ ಉತ್ತರವೂ ಅಚ್ಚಾಗಬೇಕು ಅಂತ ತಾನು ಸಂಪಾದಕರನ್ನು ಕೇಳಿಕೊಂಡಿದ್ದೇನೆ ಅಂತ ಯಾಕಮ್ಮ ಹೇಳಿದಳು. ಅವಳ ದನಿಯಲ್ಲಿ ಗೆದ್ದ ಸಂತೋಷ ಚೂರೂ ಇರಲಿಲ್ಲ. ಇದ್ದಿದ್ದರೆ ಮೇಡಂಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ದಿನ ಮೇಡಂ ಯಾರ ಮೇಲಾದರೂ ಸಿಡುಕಲು ಕಾರಣ ಹುಡುಕುತ್ತ ಓಡಾಡಿದರು. ಈಗಿನ ಮಕ್ಕಳೇ ಹಾಗೆ ಅಂದುಕೊಂಡರು. ಈಗಿನ ಬಿಸ್ಕತ್ತುಗಳೇ ಅತಿ ಸಿಹಿ ಅಂದುಕೊಂಡರು. ಲಕ್ಷಾಂತರ ವರ್ಷದಲ್ಲಿ ರೂಪುಗೊಂಡ ಬುದ್ಧಿ ಇಪ್ಪತ್ತೆಂಟೇ ವರ್ಷದಲ್ಲಿ ಎಲ್ಲಿಗೆ ಹೋಯಿತು ಅಂತ ಒಳಗಿನಿಂದ ಯಾರೋ ಕೇಳಿದರು. ಮೂರನೆಯ ದಿನ ವಿಭಾಗದ ಉಗ್ರಾಣದ ಬೀಗ ತೆಗೆಸಿದರು.

ಟೇಪು ಹಾಳಾಗಿರಲಿಲ್ಲ. ಹಾಳಾಗುವುದು ಹೇಗೆ? ಒಂದೊಂದಕ್ಕೂ ಒರೆಸುವ ಬಟ್ಟೆ ಸುತ್ತಿ, ಕ್ರಮಸಂಖ್ಯೆ ಬರೆದು, ತವರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದವರು ಮೇಡಂ ಅವರೇ. ವಿಭಾಗದ ವಿಡಿಯೊ ತಂತ್ರಜ್ಞ, ಅರೆತಲೆ ಬೋಳಾದ ನಿಧಾನಸ್ಥ ಮನುಷ್ಯ, ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿಕೊಟ್ಟ. ಪೆಟ್ಟಿಗೆಯ ತಳದಲ್ಲಿ ಸಿಕ್ಕ ಒಂದು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಇದನ್ನ ಬಿಸಾಕ್ಲಾ ಮೇಡಂ?"

"ಬೇಡ. ಅದೂ ಪ್ರಯೋಗದ್ದೇ."

ಆ ರಟ್ಟಿನ ವಿಷಯ ಹೇಳಬೇಕು. ಮೇಡಂ ಸಾಮಾನ್ಯದ ಕಟ್ಟುನಿಟ್ಟಿನವರಲ್ಲ. ಟೇಪು ನೋಡಿ ಯಾವ ಮಗು ಎಲ್ಲಿ ಬಿಸ್ಕತ್ತು ಇಟ್ಟಿತು ಅಂತ ಗುರುತು ಹಾಕಲು ಇಬ್ಬರನ್ನು ಕೂರಿಸಿದ್ದರು. ಅವರಿಗೆ ಪ್ರಯೋಗ ಯಾತಕ್ಕೆ ಅಂತ ಹೇಳಿರಲಿಲ್ಲ. ಆದರೂ ಮೇಡಂಗೆ ಸಮಾಧಾನವಿರಲಿಲ್ಲ. ಮಗು ಬಿಸ್ಕತ್ತನ್ನು ಎರಡು ತಟ್ಟೆಯ ನಡುವೆ ಬೀಳಿಸಿತು ಅನ್ನಿ. ಎಣಿಸುವವರು ಅಕ್ಕನ ಮುಖ ನೋಡಿ, ಅಕ್ಕ ನಗುತ್ತಿದ್ದಾರೆ, ಮಗು ಸರಿಯಾದ್ದೇ ಮಾಡಿರಬೇಕು ಅಂದುಕೊಂಡು ಗುರುತು ಹಾಕಿಬಿಟ್ಟರೆ? ಅದಕ್ಕೇ ಮೇಡಂ ತಾವೇ ಅಳತೆ ಮಾಡಿ ರಟ್ಟು ಕತ್ತರಿಸಿ, ಟಿ.ವಿ.ಯ ಬಲಗಡೆಯ ಅರ್ಧಕ್ಕೆ ಅಂಟಿಸಿದ್ದರು. ಎಡಗಡೆ ಮಗುವಿನ ಕೈ, ನಡುವೆ ಮೂರು ತಟ್ಟೆ. ಬಲಗಡೆ ಅಕ್ಕ ಕೂತಿದ್ದ ಭಾಗಕ್ಕೆ ರಟ್ಟು. ಆ ಕಾಲದಲ್ಲಿ ಇಷ್ಟು ಎಚ್ಚರ ವಹಿಸಿದವರೇ ಇರಲಿಲ್ಲ. ಎಲ್ಲರೂ ಮೆಚ್ಚಿದರು, ಕೆಲವರು ತಮ್ಮ ಟಿ.ವಿ.ಗೂ ರಟ್ಟು ಅಂಟಿಸಿದರು. ಮೇಡಂ ತಾವು ನೋಡುವಾಗಲೂ ರಟ್ಟು ತೆಗೆಯುತ್ತಿರಲಿಲ್ಲ. ನಿಯಮ ಮಾಡಿದವರೇ ಮುರಿದರೆ ಹೇಗೆ?

ಕಂಪ್ಯೂಟರಿನಲ್ಲಿ ರಟ್ಟಿರಲಿಲ್ಲ. ಮೊದಲ ಮಗು ಬಂದು ಕೂತಿತು. ಜೊತೆಗೆ ಅಕ್ಕನೂ ಬಂದು ಕೂತರು, ನಲವತ್ತರ ಅಕ್ಕ, ತಲೆತುಂಬ ಕಪ್ಪು ಕೂದಲು. ಮೊಲ ಹೊರಗೆ ಹೋಯಿತು. "ಮೊಲ ನೀರು ತರೋಕೆ ಹೋಗಿದೆ, ಆಮೇಲೆ ಬರುತ್ತೆ" ಅಂದರು ಅಕ್ಕ, ಅದೇ ಗಂಟೆ ಹೊಡೆದಂಥ ದನಿಯಲ್ಲಿ. ಹಾಗೆನ್ನುತ್ತ ಖಾಲಿ ಕುರ್ಚಿಯ ಕಡೆ ನೋಡಿದರು. ತಟ್ಟೆ ಇಟ್ಟರು, "ಹಂಚು" ಅಂದರು. ಮಗು ಬಿಸ್ಕತ್ತು ಹಿಡಿದು ಅಕ್ಕನ ಮುಖ ನೋಡಿತು. ಅಕ್ಕ ಮತ್ತೆ ಖಾಲಿ ಕುರ್ಚಿಯನ್ನು ನೋಡಿದರು. ಮಗುವೂ ಅತ್ತ ನೋಡಿತು. ಆ ತಟ್ಟೆಗೆ ಬಿಸ್ಕತ್ತು ಇಟ್ಟಿತು.

ಮೇಡಂ ಹಿಂದಕ್ಕೆ ಓಡಿಸಿ ಅದನ್ನೇ ಮತ್ತೊಮ್ಮೆ ನೋಡಿದರು.

ಇರಲಿ, ಒಂದು ಮಗು, ಒಂದು ಸಲ ಅಂದುಕೊಂಡು ಎರಡನೆಯದು ಹಾಕಿದರು. ಮೂರನೆಯದು. ಐದರ ಹೊತ್ತಿಗೆ ಅವರ ಕೈ ತಾನಾಗಿ ಒಂದು ಹಾಳೆ ತೆಗೆದು ಗೆರೆ ಎಳೆದಿತ್ತು. ಮೂವತ್ತು ವರ್ಷದ ಅಭ್ಯಾಸ, ಮನೆ ಹತ್ತಿ ಉರಿಯುತ್ತಿದ್ದರೂ ಅವರು ಮೊದಲು ಕೋಷ್ಟಕ ಹಾಕುತ್ತಾರೆ. ಮೂರು ದಿನ ಬಾಗಿಲು ಹಾಕಿಕೊಂಡು ಅರವತ್ತನಾಲ್ಕನ್ನೂ ನೋಡಿದರು. ಪಾಲು ಇಟ್ಟ ನಲವತ್ತೇಳು ಮಕ್ಕಳಲ್ಲಿ ನಲವತ್ತಮೂರಕ್ಕೆ ಅಕ್ಕ ಕುರ್ಚಿಯ ಕಡೆ ನೋಡಿದ್ದರು. ಇಡದ ಹದಿನೇಳರಲ್ಲಿ ಮೂರಕ್ಕೆ ಮಾತ್ರ. ಉಳಿದ ಹದಿನಾಲ್ಕರಲ್ಲಿ ಅಕ್ಕನಿಗೆ ಪುರುಸೊತ್ತೇ ಆಗಿರಲಿಲ್ಲ: ಒಂದು ಮಗುವಿನ ಮೂಗು ಒರೆಸುತ್ತಿದ್ದರು, ಒಂದರ ಕಾಲುಚೀಲ ಎಳೆಯುತ್ತಿದ್ದರು, ಒಮ್ಮೆ ಸೀನಿದ್ದರು. ಅಕ್ಕ ಸೀನಿದ್ದರಿಂದ ಒಂದು ಮಗು ಸ್ವಾರ್ಥಿ ಅಂತ ಲೆಕ್ಕಕ್ಕೆ ಹೋಗಿತ್ತು.

ಮಕ್ಕಳು ಹೊತ್ತು ತಂದದ್ದು ಏನೋ, ಮೇಡಂಗೆ ಈಗ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಅವು ನೋಡಿದ್ದು ಅಕ್ಕನ ಕಣ್ಣನ್ನು.

ನೀತಿಬುದ್ಧಿ ಎಲ್ಲಿಂದ ಬರುತ್ತದೆ ಅಂತ ಎರಡು ಪುಸ್ತಕ ಬರೆದವರಿಗೂ ಬೇಕಾದ ಹೊತ್ತಿಗೆ ಅದು ಕರೆದ ಕೂಡಲೇ ಬರುವುದಿಲ್ಲ. ಟೇಪು ಹಾಳಾಗಿದೆ ಅಂದರೆ ಯಾಕಮ್ಮ ನಂಬುತ್ತಿದ್ದಳು. ಒಮ್ಮೆ ಮಾತ್ರ ಯಾಕೆ ಅನ್ನುತ್ತಿದ್ದಳು, ತೇವ ಅಂದರೆ ಸುಮ್ಮನಾಗುತ್ತಿದ್ದಳು. ಇನ್ನು ನಾಲ್ಕು ತಿಂಗಳು. ಹಾರ ಹಾಕಿಸಿಕೊಂಡು ಮನೆಗೆ ಹೋದರೆ ಮುಗಿಯಿತು. ಮೇಡಂ ಇದನ್ನು ಯೋಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಇಡೀ ಮಧ್ಯಾಹ್ನ, ಊಟ ಬಿಟ್ಟು, ಇದನ್ನೇ ಯೋಚಿಸಿದರು. ಆಮೇಲೆ ಯಾಕಮ್ಮನಿಗೆ ಫೋನು ಮಾಡಿ ಟೇಪು ಸಿಕ್ಕಿವೆ, ಉತ್ತರ ಬರೆಯುತ್ತೇನೆ ಅಂದುಬಿಟ್ಟರು. ಹೇಳಿಯಾದ ಮೇಲೆ ಅಷ್ಟು ಕಷ್ಟ ಅನ್ನಿಸಲಿಲ್ಲ. ತಮ್ಮ ಹೆಸರು ಹೋದರೆ ಹೋಗಲಿ, ಅದನ್ನು ಅವರು ಸಾಕಷ್ಟು ಉಂಡಿದ್ದರು.

ಕಷ್ಟವಿದ್ದದ್ದು ಅಕ್ಕನಿಗೆ ಹೇಳುವುದರಲ್ಲಿ. ಎಕ್ಸ್‌ಚೇಂಜಿನವರು ಅಕ್ಕನನ್ನು ಕಳಿಸುವಾಗ ಒಂದು ಕಾಗದ ಕೊಟ್ಟು ಕಳಿಸಿದ್ದರು, ಅಷ್ಟೇ. ಆ ಮೇಲಿನ ಬದುಕಿನಲ್ಲಿ ಇದು ನಾನು ಮಾಡಿದ್ದು ಅಂತ ಅಕ್ಕ ಎದೆಯುಬ್ಬಿಸಿ ಹೇಳಿಕೊಂಡದ್ದು ಆ ಮೇಜೊಂದನ್ನೇ. ಈಗ ಎಪ್ಪತ್ತರ ಹತ್ತಿರದಲ್ಲಿ ಅವರನ್ನು ಕೂರಿಸಿ, ಅದೂ ಹೋಯಿತು, ಹೋದದ್ದು ನಿನ್ನ ಕಣ್ಣಿನಿಂದ ಅಂತ ಯಾವ ಬಾಯಲ್ಲಿ ಹೇಳುವುದು? ಹೇಳದೆ ಇದ್ದರೆ ಮೆಟ್ಟಿಲ ಮೇಲೆ ಅಕ್ಕ ಸಾಯುವ ತನಕ ಸುಳ್ಳನ್ನೇ ಹೇಳುತ್ತಿರಲಿ ಅಂತ ಬಿಟ್ಟ ಹಾಗೆ.

ಅಕ್ಕನಿಗೆ ವಾಸನೆ ಹತ್ತಿತ್ತು. "ಏನೋ ನುಂಗಿಕೊಂಡು ಓಡಾಡ್ತಿದೀಯ ಪುಟ್ಟಿ" ಅಂದರು ಒಂದು ಸಂಜೆ, ಬಟ್ಟೆ ಮಡಿಸುತ್ತ. "ನಿವೃತ್ತಿ ಅಂತ ಭಯನಾ? ಮನೇಲಿ ನನ್ನ ಜೊತೆ ಇಡೀ ದಿನ ಇರ್ಬೇಕಲ್ಲ ಅಂತಾನಾ?"

"ಅದೂ ಇದೆ" ಅಂದರು ಮೇಡಂ.

"ನಂಗೂ ಅದೇ ಭಯ" ಅಂದು ಅಕ್ಕ ದಿಂಬಿನ ಚೀಲ ಕೊಡವಿದರು.

ಮೇಡಂ ಉತ್ತರದ ಪತ್ರವನ್ನು ಆಫೀಸಿನಲ್ಲಿ ಕೂತು ನಾಲ್ಕು ಸಲ ಬರೆದರು. ನಾಲ್ಕನೆಯದು ಸರಿಹೋಯಿತು. ಒಂದೂವರೆ ಪುಟ. ತಪ್ಪನ್ನು ಮುಚ್ಚದೆ ಹೇಳಿದ್ದರು: ಪ್ರಯೋಗದ ಹೊತ್ತಿನಲ್ಲಿ ನಮಗೆ ತಿಳಿಯದಂತೆ ಮಕ್ಕಳಿಗೆ ಸೂಚನೆ ಸಿಕ್ಕಿತ್ತು, ಅದು ಕಾಣದಂತೆ ಮಾಡಿದ್ದು ನನ್ನದೇ ರಟ್ಟು, ನನ್ನ ತೀರ್ಮಾನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಅಕ್ಕನ ವಿಷಯ ಬಂದ ಕಡೆ ಮಾತ್ರ ಕೈ ತಡೆದು, 'ಸಹಾಯಕಿಯೊಬ್ಬರು' ಅಂತ ಹಾಕಿದರು. ಅಕ್ಕನನ್ನು ಇಷ್ಟಾದರೂ ಕಾಪಾಡಬಹುದಲ್ಲ ಅಂತ ಸ್ವಲ್ಪ ನೆಮ್ಮದಿಯಾಯಿತು.

ಭಾನುವಾರ ಬೆಳಿಗ್ಗೆ, ಕಾಫಿ ಆದ ಮೇಲೆ, ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟರು. "ಅಕ್ಕ, ಬಾ ಇಲ್ಲಿ. ಹಳೇ ಟೇಪು ಸಿಕ್ಕಿವೆ."

ಅಕ್ಕ ಕನ್ನಡಕ ಹುಡುಕಿ ತಂದು ಕೂತರು. ತಮ್ಮನ್ನು ತಾವು ಕಂಡದ್ದೇ ತಡ, ಬಾಯಿಗೆ ಕೈ ಹಚ್ಚಿಕೊಂಡು ನಕ್ಕರು. "ಅಯ್ಯೋ, ನನ್ನ ಕೂದಲು ನೋಡು. ಇಷ್ಟಿತ್ತಾ? ಈ ಮಗು ನೆನಪಿದೆ ಕಣೆ, ಇವನು ಬಿಡದೆ ಮೊಲದ ಕಿವಿ ಚೀಪ್ತಿದ್ದ. ಆ ಮೊಲವನ್ನ ನಾನು ವಾರಕ್ಕೆರಡು ಸಲ ಒಗೀತಿದ್ದೆ." ಎರಡನೆಯ ಮಗುವಿಗೂ ನಕ್ಕರು. ದನಿ ಕೇಳಿ ತಲೆಯಾಡಿಸಿದರು. "ನೋಡಿದ್ಯಾ, ಒಂದಕ್ಷರ ಆಚೆ ಈಚೆ ಇಲ್ಲ."

"ಕಣ್ಣು ನೋಡು ಅಕ್ಕ" ಅಂದರು ಮೇಡಂ. "ನಿನ್ನ ಕಣ್ಣು."

ಮೂರನೆಯದನ್ನು ಅಕ್ಕ ನಗದೆ ನೋಡಿದರು. ನಾಲ್ಕನೆಯದಕ್ಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಒಂಬತ್ತು ವರ್ಷ ಆ ನಿಯಮಗಳನ್ನು ಬಾಯಿಪಾಠ ಮಾಡಿದವರು. ಐದನೆಯ ಮಗು ಬಿಸ್ಕತ್ತು ಹಿಡಿದು ಮುಖ ಎತ್ತಿದಾಗ, ತೆರೆಯ ಮೇಲಿನ ತಮ್ಮ ಕಣ್ಣು ಕುರ್ಚಿಯ ಕಡೆ ಹೋಗುವ ಮೊದಲೇ, "ನೋಡಬೇಡ" ಅಂದರು ಮೆಲ್ಲಗೆ. ತೆರೆಯ ಮೇಲಿನ ಅಕ್ಕ ನೋಡಿದರು.

ಮೇಡಂ ನಿಲ್ಲಿಸಿದರು. ಆರು ಕಡೆಯ ಐನೂರು ಮಕ್ಕಳ ಸುದ್ದಿ ಹೇಳಿದರು. ತಮ್ಮ ಕೋಷ್ಟಕದ ಸುದ್ದಿ ಹೇಳಿದರು.

"ಹಂಗಾದ್ರೆ ನಾನು ಹಾಳು ಮಾಡಿದೆ" ಅಂದರು ಅಕ್ಕ.

"ನೀನಲ್ಲ ಅಕ್ಕ. ನಾನು. ಏನು ಹೇಳ್ಬೇಕು ಅಂತ ನಿಂಗೆ ಬರೆದು ಕೊಟ್ಟೆ, ಎಲ್ಲಿ ನೋಡ್ಬೇಕು ಅಂತ ಬರೆದು ಕೊಡಲಿಲ್ಲ. ದನಿ ಅಳೆದೆ, ಮುಖ ನೋಡಲಿಲ್ಲ. ಮೇಲಿಂದ ರಟ್ಟು ಬೇರೆ ಅಂಟಿಸ್ದೆ."

"ಹದಿನೇಳು ವರ್ಷ ಬರೀ ಬಾಯಿಗೆ ಕೆಲಸ ನಂಗೆ" ಅಂದರು ಅಕ್ಕ. "ಆಪರೇಟರ್ ಮುಖ ಯಾರು ನೋಡ್ತಾರೆ? ನಂಗೇ ಗೊತ್ತಿರಲಿಲ್ಲ ನನ್ನ ಕಣ್ಣು ಎಲ್ಲಿ ಹೋಗ್ತಿತ್ತು ಅಂತ." ತೆರೆಯ ಕಡೆ ಕೈ ತೋರಿಸಿ, "ಬರುತ್ತೆ ಅಂತ ಹೇಳಿ, ಅದರ ಜಾಗ ನೋಡದೆ ಇರೋದು ಹೇಗೆ ಪುಟ್ಟಿ? ನಂಗಾಗಲ್ಲ. ಈಗಲೂ ಆಗಲ್ಲ."

"ಯಾರಿಗೂ ಆಗಲ್ಲ. ಅದಕ್ಕೇ ಅವರು ಬೆನ್ನು ತಿರುಗಿಸಿ ಕೂರಿಸಿದ್ದು."

"ಮಕ್ಕಳಿಗೆ ಆ ಬುದ್ಧಿ ಇಲ್ವಾ ಹಂಗಾದ್ರೆ?"

"ಗೊತ್ತಿಲ್ಲ."

"ಇಷ್ಟು ಓದಿ, ಇಷ್ಟು ಬರೆದು, ಗೊತ್ತಿಲ್ಲ ಅಂತೀಯಲ್ಲ."

"ಗೊತ್ತಿಲ್ಲ ಅಕ್ಕ" ಅಂದರು ಮೇಡಂ. ಅವರಿಗೆ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ.

ಅಕ್ಕ ಎದ್ದು ಕಾಫಿ ಲೋಟ ತೊಳೆಯಲು ಹೋದರು. ಎರಡೇ ಲೋಟ, ಬಹಳ ಹೊತ್ತು ತೊಳೆದರು. ನಲ್ಲಿ ನಿಂತಿತು. ಸೆರಗಿಗೆ ಕೈ ಒರೆಸುತ್ತ ವಾಪಸು ಬಂದು ಕೂತರು.

"ಏನು ಬರೆದಿದೀಯ, ಓದು."

ಮೇಡಂ ಪತ್ರ ತೆಗೆದು ಓದಿದರು. ಕಠಿಣ ಪದ ಬಂದ ಕಡೆ ಬಿಡಿಸಿ ಹೇಳಿದರು. ಅಕ್ಕ ಮೇಜಿನ ಅಂಚು ಹಿಡಿದು ಕೇಳುತ್ತಿದ್ದವರು ಒಂದು ಕಡೆ ಕೈ ಎತ್ತಿದರು.

"ಸಹಾಯಕಿಯೊಬ್ಬರು ಅಂದ್ಯಲ್ಲ. ಅದು ನಾನಾ?"

"ಹೂಂ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ. ಯಾರಿಗೂ ಗೊತ್ತಾಗಲ್ಲ."

ಅಕ್ಕ ಮೇಡಂ ಮುಖವನ್ನು ನೋಡಿದರು. ಕೋಪ ಇರಲಿಲ್ಲ ಆ ನೋಟದಲ್ಲಿ, ಬಹಳ ದಿನದಿಂದ ಹೇಳಲೋ ಬೇಡವೋ ಅಂತ ಇಟ್ಟುಕೊಂಡದ್ದನ್ನು ಹೊರತೆಗೆಯುವವರ ಹಿಂಜರಿಕೆ ಇತ್ತು.

"ಮೊದಲನೇ ಲೇಖನದಲ್ಲೂ ಹಂಗೇ ಇತ್ತು" ಅಂದರು. "ಅಚ್ಚಾಗಿ ಬಂದ ದಿನ ನಾನು ಕೊನೇ ಪುಟ ತೆಗೆದು ನೋಡ್ದೆ. ನೀನು ಎಲ್ಲರಿಗೂ ಧನ್ಯವಾದ ಹೇಳಿದ್ದೆ. ನಿಮ್ಮ ವಿಭಾಗದ ಮುಖ್ಯಸ್ಥರು, ಶಿಶುವಿಹಾರದ ಹೆಡ್‌ಮಿಸ್ಟ್ರೆಸ್ಸು. ಮೇಜು ಮಾಡಿದ ಬಡಗಿ ಹೆಸರೂ ಇತ್ತು. ಆಮೇಲೆ, 'ಮಕ್ಕಳೊಂದಿಗೆ ಕುಳಿತ ಸಹಾಯಕಿಗೆ' ಅಂತ."

ಮೇಡಂಗೆ ಆ ಸಾಲು ನೆನಪಾಯಿತು. ಯಾಕೆ ಹಾಗೆ ಬರೆದೆ ಅನ್ನುವುದೂ ನೆನಪಾಯಿತು. ಒಡಹುಟ್ಟಿದವಳ ಹೆಸರು ಹಾಕಿದರೆ ಮನೆಯವರನ್ನೇ ಕೂರಿಸಿಕೊಂಡು ಪ್ರಯೋಗ ಮಾಡಿದಳು ಅಂತ ಜನ ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದರು. ಅದೇನೂ ದೊಡ್ಡ ಯೋಚನೆಯಾಗಿರಲಿಲ್ಲ, ಒಂದು ನಿಮಿಷದ ಯೋಚನೆ. ಆಮೇಲೆ ಎರಡು ಪುಸ್ತಕ ಬಂದವು, ಹತ್ತಾರು ಲೇಖನ ಬಂದವು. ಎಲ್ಲದರಲ್ಲೂ ಆ ಸಾಲೇ ನಕಲಾಗಿ ಹೋಗಿತ್ತು.

"ನೀನು ಯಾವತ್ತೂ ಹೇಳಲಿಲ್ಲ" ಅಂದರು ಮೇಡಂ.

"ಮುಂದಿನದರಲ್ಲಿ ಹಾಕ್ತೀಯ ಅಂದ್ಕೊಂಡೆ. ಆಮೇಲೆ ಕೇಳೋಕೆ ನಾಚಿಕೆ ಆಯ್ತು. ಬಿಡು ಅದನ್ನ." ಅಕ್ಕ ಪತ್ರದ ಮೇಲೆ ಬೆರಳಿಟ್ಟರು. "ಇದಕ್ಕೆ ಹಾಕು."

"ಅಕ್ಕ, ಇದು ತಪ್ಪೊಪ್ಪಿಗೆ. ಇದರಲ್ಲಿ ಹಾಕಿದ್ರೆ ಎಲ್ಲ ಕೆಟ್ಟಿದ್ದು ನಿನ್ನಿಂದ ಅಂತ ಜನ ಓದ್ತಾರೆ. ಇನ್ನು ಮೇಲೆ ಪಾಠ ಮಾಡೋರೆಲ್ಲ ನಿನ್ನ ಹೆಸರು ಹೇಳಿ ಹೀಗೆ ಮಾಡಬಾರದು ಅಂತಾರೆ."

"ಅನ್ನಲಿ."

"ನಿಂಗೆ ಗೊತ್ತಾಗ್ತಿಲ್ಲ."

"ಗೊತ್ತಾಗ್ತಿದೆ ಪುಟ್ಟಿ. ಸರಿಯಿದ್ದಾಗ ನಾನು ಯಾರೋ ಸಹಾಯಕಿ. ಕೆಟ್ಟಾಗಲೂ ಯಾರೋ ಸಹಾಯಕಿ ಅಂದ್ರೆ, ಒಂಬತ್ತು ವರ್ಷ ಆ ಕುರ್ಚೀಲಿ ಕೂತಿದ್ದೋರು ಯಾರು? ಕೆಡಿಸಿದೋಳು ಅಂತಲೇ ಬರೀ. ಅಲ್ಲಿ ಇದ್ದೆ ಅಂತ ಆದರೂ ಗೊತ್ತಾಗುತ್ತಲ್ಲ."

ಇಷ್ಟು ದಿನ ಅಕ್ಕನ ಹೆಮ್ಮೆ ಹೋಗುತ್ತದಲ್ಲ ಅಂತ ಮೇಡಂ ಕೊರಗಿದ್ದರು. ಆ ಹೆಮ್ಮೆಯನ್ನು ಅಕ್ಕನ ಕೈಗೆ ತಾವು ಒಮ್ಮೆಯೂ ಕೊಟ್ಟೇ ಇರಲಿಲ್ಲ ಅನ್ನುವುದು ಈಗ ಕಂಡು ಮುಖ ಎತ್ತಲಾರದಷ್ಟು ನಾಚಿಕೆಯಾಯಿತು. ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. 'ಸಹಾಯಕಿಯೊಬ್ಬರು' ಅನ್ನುವುದನ್ನು ಅಳಿಸಿದರು. ಅಕ್ಕನ ಹೆಸರನ್ನು ಪೂರ್ತಿಯಾಗಿ ಟೈಪು ಮಾಡಿದರು. ಮುಂದೆ ಒಂದು ಕ್ಷಣ ಯೋಚಿಸಿ, ಒಂಬತ್ತು ವರ್ಷ ಎಂಟುನೂರಕ್ಕೂ ಹೆಚ್ಚು ಮಕ್ಕಳೊಂದಿಗೆ ಈ ಪ್ರಯೋಗ ನಡೆಸಿದವರು ಇವರೇ ಎಂದೂ, ಎಲ್ಲಿ ನೋಡಬೇಕೆಂದು ಅವರಿಗೆ ಹೇಳದೆ ಹೋದದ್ದು ನಾನೆಂದೂ, ಇವರ ಹೆಸರನ್ನು ಈ ಹಿಂದೆ ಎಲ್ಲಿಯೂ ಹೇಳದಿದ್ದುದು ನನ್ನ ಇನ್ನೊಂದು ತಪ್ಪೆಂದೂ ಸೇರಿಸಿದರು.

ಅಕ್ಕ ಕುರ್ಚಿಯನ್ನು ಪಕ್ಕಕ್ಕೆ ಎಳೆದು ತೆರೆಗೆ ಮುಖ ಹತ್ತಿರ ತಂದರು. ಬೆರಳನ್ನು ಅಕ್ಷರಗಳ ಕೆಳಗೆ ಓಡಿಸುತ್ತ ತಮ್ಮ ಹೆಸರನ್ನು ತುಟಿಯಲ್ಲೇ ಓದಿಕೊಂಡರು.

"ಗಟ್ಟಿಯಾಗಿ ಓದು" ಅಂದರು.

ಮೇಡಂ ಆ ಭಾಗವನ್ನು ಗಟ್ಟಿಯಾಗಿ ಓದಿದರು.

"ಇನ್ನೊಂದು ಸಲ."

ಮೇಡಂ ಇನ್ನೊಂದು ಸಲ ಓದಿದರು.